ಮೂವತ್ತೊಂದನೆಯ ಬಿಲ್ಲೆ

"ಫ್ರು ಕ್ವಿಸ್ಟ್, ನಮ್ಮೋರು ಕಳ್ಳರಲ್ಲ!"

ಮೆಟ್ಟೆ ಇದನ್ನು ಹೊಸ್ತಿಲ ಮೇಲೆ ನಿಂತೇ ಹೇಳಿದಳು. ಗುರುವಾರ, ಬೆಳಗಿನ ಎಂಟು ಗಂಟೆ. ಮೈಮೇಲೆ ಏಪ್ರನ್, ಕಾಲಲ್ಲಿ ಮರದ ಮೆಟ್ಟು, ಕೈಯಲ್ಲಿ ಇನ್ನೂ ಪಾತ್ರೆ ಒರೆಸುವ ಬಟ್ಟೆ. ಹೊಸ ಶಾಲೆಯ ಜವಾನ ವಿಲ್ಲಾಡ್ಸನ ಹೆಂಡತಿ ಹೀಗೆ ಊರ ನಡುವೆ ಓಡಿಬಂದಿದ್ದಾಳೆ ಎಂದರೆ ಏನೋ ಅನಾಹುತವಾಗಿದೆ ಎಂದು ಯಾರಿಗಾದರೂ ಹೊಳೆಯುತ್ತಿತ್ತು. ಮೇಜಿನ ಆಚೆ ಕೂತು ಬೆಂದ ಮೊಟ್ಟೆಯ ತಲೆ ಒಡೆಯುತ್ತಿದ್ದ ಓವೆ ಬಿರ್ಕ್‌ಗೆ ಮಾತ್ರ ಅದು ಅರ್ಧ ಗಂಟೆ ಮೊದಲೇ ಗೊತ್ತಿತ್ತು. ಅವನ ಚಮಚ ಅಲ್ಲೇ ನಿಂತಿತು.

"ಒಳಗೆ ಬಾ, ಕೂತ್ಕೊ, ಮೊದಲು ಉಸಿರು ಬಿಡು," ಎಂದರು ಮಾರೆನ್ ಕ್ವಿಸ್ಟ್, ಊರಿಗೆಲ್ಲ 'ಫ್ರು', ಅಂದರೆ ಅಮ್ಮಾವರು. ಕಾಫಿ ಬಗ್ಗಿಸಿದರು. ಮೂವತ್ತೆಂಟು ವರ್ಷ ಹಾಲ್ವಿಗ್ ಊರಿನ ಸೂಲಗಿತ್ತಿಯಾಗಿದ್ದವರು ಅವರು. ಊರಿನ ಅರ್ಧ ಜನರ ಕಿವಿಗೆ ಬಿದ್ದ ಮೊದಲ ದನಿ ಅವರದೇ. ಕೆಲಸ ಬಿಟ್ಟ ಮೇಲೂ ಜನ ಅವರ ಅಡುಗೆಮನೆಗೆ ಬರುವುದು ಬಿಡಲಿಲ್ಲ. ಇಗರ್ಜಿಯ ಬೆಳ್ಳಿ ಬಟ್ಟಲು ಕಳೆದಾಗ ಹುಡುಕಿಕೊಟ್ಟವರು, ಬಂದರಿನ ಬೋಟಿಗೆ ಬೆಂಕಿ ಇಟ್ಟವನನ್ನು ಅವನ ಹುಬ್ಬು ನೋಡಿಯೇ ಹಿಡಿದವರು. ಅವರ ಮಹಡಿಯ ಕೋಣೆಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದ ಡ್ರಾಯಿಂಗ್ ಮೇಷ್ಟ್ರು ಓವೆ ಆ ಎಲ್ಲ ಪತ್ತೆಗಳಿಗೂ ಜೊತೆಗಾರ. ಪತ್ರ ಬರೆಯುವುದು, ಏಣಿ ಹಿಡಿಯುವುದು, ಮಾರೆನ್ ಚುಟ್ಟಾ ಸೇದುತ್ತ ಯೋಚಿಸುವಾಗ ಬಾಯಿ ಮುಚ್ಚಿಕೊಂಡಿರುವುದು, ಇವು ಅವನ ಕೆಲಸ.

"ಶಾಲೆ ಸಭಾಂಗಣದಲ್ಲಿ ಗೋಡೆಗೆ ಕೂರಿಸೋಕೆ ಬೋಡಿಲ್ ರೋವ್ಸಿಂಗ್ ಮಾಡಿದ ಸುಟ್ಟ ಮಣ್ಣಿನ ಬಿಲ್ಲೆಗಳು ಹರಡಿಟ್ಟಿದ್ರಲ್ಲ," ಎಂದಳು ಮೆಟ್ಟೆ. "ಅದರಲ್ಲಿ ಒಂದು ರಾತ್ರೋರಾತ್ರಿ ಮಾಯ. ನಮ್ಮೋರೇ ಬೆಳಿಗ್ಗೆ ನೋಡಿ ಪೊಲೀಸ್‌ಗೆ ಹೇಳಿದ್ದು. ಈಗ ಪೊಲೀಸ್ ತ್ರೋಲ್ಸ್ ಅವರನ್ನೇ ಕೂರಿಸ್ಕೊಂಡಿದಾನೆ! ನಿನ್ನೆ ಸಂಜೆ ಕೈಗಾಡೀಲಿ ಭಾರದ ಮೂಟೆ ತಳ್ಕೊಂಡು ಹೋಗ್ತಿದ್ದದ್ದನ್ನ ಯಾರೋ ನೋಡಿದ್ರಂತೆ. ಶನಿವಾರ ಉದ್ಘಾಟನೆ. ಅಷ್ಟರೊಳಗೆ ಸಿಗದಿದ್ರೆ ಕೆಲಸಾನೂ ಹೋಯ್ತು, ಜವಾನನ ಮನೇನೂ ಹೋಯ್ತು. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

"ಮೂಟೇಲಿ ಏನಿತ್ತಂತೆ?"

"ಅದನ್ನ ಯಾರಿಗೂ ಹೇಳಬೇಡ ಅಂದಿದಾರೆ," ಎಂದು ಮೆಟ್ಟೆ ಕೆಂಪಾದಳು.

ಮಾರೆನ್ ಓವೆಯ ಕಡೆ ತಿರುಗಿದರು. "ಮೇಷ್ಟ್ರೇ, ಮೊಟ್ಟೆ ತಣ್ಣಗಾಗ್ತಿದೆ."

"ನೋಡಿದ ಯಾರೋ ಅಂದ್ರೆ... ನಾನೇ," ಎಂದ ಓವೆ. ಬೆಳಿಗ್ಗೆ ಬನ್ ತರಲು ಹೋದವನು, ಬೇಕರಿಯ ಸಾಲಿನಲ್ಲಿ ಹತ್ತು ಜನರ ಮುಂದೆ ತ್ರೋಲ್ಸನಿಗೆ ಅದನ್ನು ಹೇಳಿಬಿಟ್ಟಿದ್ದ. ಯಾರೂ ಕೇಳಿರಲಿಲ್ಲ. ತಾನು ದೊಡ್ಡ ಪತ್ತೇದಾರಿಣಿಯ ಜೊತೆಗಾರ ಎಂಬ ಜಂಬ, ಅಷ್ಟೆ. ಮೆಟ್ಟೆ ಅವನನ್ನು ನೋಡಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಇದಕ್ಕಿಂತ ದೊಡ್ಡದೊಂದು ಅವನ ಹೊಟ್ಟೆಯಲ್ಲಿತ್ತು, ಅದನ್ನು ಅವನು ಮಾರೆನ್‌ಗೂ ಹೇಳಲಿಲ್ಲ. ಬುಧವಾರ ಬೆಳಿಗ್ಗೆ ಆ ನಲವತ್ತೆಂಟು ಬಿಲ್ಲೆಗಳನ್ನು ನಕ್ಷೆ ನೋಡಿಕೊಂಡು ನೆಲದ ಮೇಲೆ ಜೋಡಿಸಿದವರು ಅವನು ಮತ್ತು ಗಾರೆ ಕೆಲಸದ ಈವರ್. ಮೂರು ತಿಂಗಳಿಂದ ಬಂದರಿನ ಹೋಟೆಲಿನಲ್ಲಿ ಒಂದೇ ಹಾಸ್ಯ: ಬೋಡಿಲಳ ಚಿತ್ರ ತಲೆಕೆಳಗೆ ನೇತುಹಾಕಿದರೂ ಯಾರಿಗೂ ಗೊತ್ತಾಗಲ್ಲ, ಅವಳಿಗೂ ಗೊತ್ತಾಗಲ್ಲ. ಆ ಹಾಸ್ಯಕ್ಕೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಡ್ರಾಯಿಂಗ್ ಮೇಷ್ಟ್ರೇ. ಈವರ್ ಕಾಫಿಗೆ ಹೋದಾಗ ಓವೆ ಬಗ್ಗಿ ಒಂದು ಬಿಲ್ಲೆಯನ್ನು ತಲೆಕೆಳಗು ಮಾಡಿಟ್ಟ. ಮೂವತ್ತೊಂದನೆಯದು. ಗುರುವಾರ ಹತ್ತು ಗಂಟೆಗೆ ಬೋಡಿಲ್ ಬಂದು ನೋಡಿ ಸುಮ್ಮನಿದ್ದರೆ, ಸಂಜೆ ಹೋಟೆಲಿನಲ್ಲಿ ಹೇಳಿಕೊಂಡು ನಗಬೇಕೆಂದಿದ್ದ. ಕಳುವಾದದ್ದು ಅದೇ ಮೂವತ್ತೊಂದು.

ಇಪ್ಪತ್ತರ ಆಸುಪಾಸಿನಲ್ಲಿ ಓವೆ ಕೋಪನ್‌ಹೇಗನ್‌ನ ಕಲಾಶಾಲೆಗೆ ಮೂರು ಸಲ ಅರ್ಜಿ ಹಾಕಿದ್ದ, ಮೂರು ಸಲವೂ ವಾಪಸು ಬಂದಿತ್ತು. ಬೋಡಿಲ್ ಮೊದಲ ಸಲಕ್ಕೇ ಒಳಗೆ ಹೋದವಳು. ಈ ವಿಷಯ ಊರಲ್ಲಿ ಯಾರಿಗೂ ನೆನಪಿರಲಿಲ್ಲ. ಅವನಿಗೊಬ್ಬನಿಗೆ ಚೆನ್ನಾಗಿ ನೆನಪಿತ್ತು.

*

ಸಭಾಂಗಣದ ನೆಲದ ಮೇಲೆ ನಲವತ್ತೇಳು ಬಿಲ್ಲೆಗಳು ಬೆಳಕು ಹೀರಿಕೊಂಡು ಮಲಗಿದ್ದವು. ಒಂದೊಂದೂ ಮೊಳದಗಲ, ಎರಡು ಬೆರಳು ದಪ್ಪ. ಕಡುನೀಲಿ, ತುಕ್ಕಿನ ಬಣ್ಣ, ಉಪ್ಪಿನ ಬಿಳಿ. ಅವುಗಳ ನಡುವೆ ಹಲ್ಲು ಕಿತ್ತ ಹಾಗೆ ಒಂದು ಚೌಕ ಖಾಲಿ.

ಅದರ ಪಕ್ಕ ಬೋಡಿಲ್ ರೋವ್ಸಿಂಗ್ ಕುಕ್ಕರುಗಾಲಲ್ಲಿ ಕೂತಿದ್ದಳು. ಐವತ್ತೆಂಟು ವರ್ಷ, ಗಂಡಸರ ಪ್ಯಾಂಟು, ಉಗುರಲ್ಲಿ ಮಣ್ಣು. ಹತ್ತೊಂಬತ್ತಕ್ಕೆ ಊರು ಬಿಟ್ಟು ಕೋಪನ್‌ಹೇಗನ್, ಆಮೇಲೆ ಪ್ಯಾರಿಸ್. ಅವಳ ಬಣ್ಣದ ಚಿತ್ರಗಳು ರಾಜಧಾನಿಯ ಸಂಗ್ರಹಾಲಯದಲ್ಲಿವೆ. ನಲವತ್ತು ದಾಟಿದ ಮೇಲೆ ಒಂದು ದಿನ ಬ್ರಷ್ ಬದಿಗಿಟ್ಟು ಊರಿಗೆ ಬಂದು, ನೆಲದೊಳಕ್ಕೆ ಚಾಚಿದ ಕಡಲತೋಳಾದ ಫ್ಯೋರ್ಡಿನ ದಂಡೆಯ ಹಾಳು ಇಟ್ಟಿಗೆ ಭಟ್ಟಿಯಲ್ಲಿ ಕುಂಬಾರರ ಹಾಗೆ ಆವಿಗೆ ಹಾಕಿ ಮಣ್ಣು ಸುಡತೊಡಗಿದಳು. ಬಟ್ಟೆಯ ಮೇಲೆ ಬಣ್ಣ ಬರೀ ಒಣಗುತ್ತೆ, ಮಣ್ಣಿನಲ್ಲಿ ಬೇಯುತ್ತೆ ಎನ್ನುವಳು. ಊರವರು ಅವಳಿಂದ ಒಂದು ಕಪ್ಪನ್ನೂ ಕೊಂಡವರಲ್ಲ. ಕೊಂಡವರು ಒಬ್ಬರೇ, ಹಡಗು ಸಾಮಾನಿನ ವರ್ತಕ ಲಾರಿಟ್ಸ್ ಗ್ರೋನ್‌ಬೆಕ್. ಶಾಲಾ ಮಂಡಳಿಯ ಅಧ್ಯಕ್ಷರು ಅವರೇ. ಊರೆಲ್ಲ ನಕ್ಕರೂ ಜಗ್ಗದೆ ಈ ಗೋಡೆಚಿತ್ರವನ್ನು ಬೋಡಿಲಳಿಂದಲೇ ಮಾಡಿಸಿದವರೂ ಅವರೇ.

"ನಾನು ಎರಡು ದಿನದಿಂದ ಆವಿಗೆಯ ಮುಂದೆ ಇದ್ದೆ," ಎಂದಳು ಬೋಡಿಲ್. "ಈಗ ತಾನೇ ಬಂದೆ. ಜೋಡಿಸಿದ್ದನ್ನೇ ನಾನು ನೋಡಿಲ್ಲ."

"ಅದರಲ್ಲಿ ಏನಿತ್ತು?" ಎಂದು ಮಾರೆನ್ ಕೇಳಿದರು.

"ಏನಿತ್ತು, ಏನಿತ್ತು! ಮೂವತ್ತು ವರ್ಷದಿಂದ ಇದೊಂದೇ ಪ್ರಶ್ನೆ," ಎಂದು ಬೋಡಿಲ್ ಜೇಬಿನಿಂದ ಮಡಿಸಿದ ನಕ್ಷೆ ತೆಗೆದು ಅವರ ಕೈಗೆ ತುರುಕಿದಳು. "ಇಲ್ಲಿದೆ. ನೀವೇ ನೋಡ್ಕೊಳ್ಳಿ."

ಮಾರೆನ್ ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, ಮಡಿಸಿ ಇಟ್ಟುಕೊಂಡರು. ಆಮೇಲೆ ಕಿಟಕಿಯ ಬಳಿ ಹೋದರು. ಅಗುಳಿ ಹಾಕಿರಲಿಲ್ಲ, ಯಾರು ಬೇಕಾದರೂ ಒಳಗೆ ಇಳಿಯಬಹುದು ಎಂದು ತ್ರೋಲ್ಸ್ ಬೇಸರದಿಂದ ಹೇಳಿದ. ಕಿಟಕಿಯ ಕೆಳಗೆ ಮೆಟ್ಟೆ ಸೋಮವಾರ ನೆಟ್ಟ ಹೂಗಿಡಗಳ ಪಾತಿ, ಅದರಾಚೆ ಹುಲ್ಲು. ಮಾರೆನ್ ಕತ್ತು ಚಾಚಿ ಪಾತಿಯನ್ನು ತುಂಬ ಹೊತ್ತು ನೋಡಿದರು.

"ಗಿಡ ಚೆನ್ನಾಗಿ ಹಿಡಿದಿವೆ, ಮೆಟ್ಟೆ. ಒಂದೂ ಬಾಡಿಲ್ಲ, ಒಂದೂ ಮುರಿದಿಲ್ಲ."

"ಈಗ ಹೂಗಿಡದ ಮಾತಾ, ಫ್ರು ಕ್ವಿಸ್ಟ್?" ಎಂದ ತ್ರೋಲ್ಸ್.

"ನೀನೂ ಬಿಲ್ಲೆಗಳನ್ನ ನೋಡಿದ್ಯಾ, ತ್ರೋಲ್ಸ್?"

"ನಿನ್ನೆ ಮಧ್ಯಾಹ್ನ ಊರೇ ಬಂದು ನೋಡಿತಲ್ಲ, ನಾನೂ ಬಂದಿದ್ದೆ. ಕಳುವಾಗಿರೋದು ಲೋಳೆಮೀನು ಇದ್ದದ್ದು. ಮೇಲೆ ಕೆಂಪು ಕೊಡೆ, ಕೆಳಗೆ ಬಿಳೀ ಎಳೆ."

"ಲೋಳೆಮೀನಂತೆ! ಅದು ಟೋಪಿ ಕಣಯ್ಯ," ಎಂದ ಬಾಗಿಲಲ್ಲಿ ಇಣುಕುತ್ತಿದ್ದ ಬೇಕರಿಯ ಥೋರ್ಕಿಲ್. "ಕುಚ್ಚು ಇಳಿಬಿಟ್ಟ ಕೆಂಪು ಟೋಪಿ. ನಮ್ಮತ್ತೆ ಹತ್ತಿರ ಇದೆ ಅಂಥದ್ದು. ಆ ಬಿಲ್ಲೇನ ನನ್ನ ಒಲೆಗೆ ಮುಚ್ಚಳ ಮಾಡ್ಕೊಳ್ಳೋಕೆ ಕೊಡಿ ಅಂತ ಕೇಳಿದ್ದೆ, ಹಾಸ್ಯಕ್ಕೆ. ಈಗ ನನ್ನ ಮೇಲೂ ಬಂತಾ?"

ನಗೆ ಹರಡಿತು. ನಗದೆ ನಿಂತವರು ಲಾರಿಟ್ಸ್ ಗ್ರೋನ್‌ಬೆಕ್ ಒಬ್ಬರೇ. ಮಾರೆನ್ ಅವರನ್ನೂ ಕೇಳಿದರು.

"ನೆನಪಿಲ್ಲ," ಎಂದರು ಲಾರಿಟ್ಸ್. "ಎಷ್ಟೊಂದು ಇದ್ದವಲ್ಲ." ಆಮೇಲೆ ಬೋಡಿಲ್ ಕಡೆ ತಿರುಗಿ, "ನೀವು ಚಿಂತೆ ಮಾಡಬೇಡಿ. ಆ ಜಾಗಕ್ಕೆ ಬರೀ ನೀಲಿಯದೊಂದು ಇಟ್ಟರೂ ಆಗುತ್ತಲ್ಲ?"

"ಬರೀ ನೀಲಿ ಇಡೋಕೆ ಆಗಲ್ಲ, ಲಾರಿಟ್ಸ್. ನಿನಗೆ ಗೊತ್ತಿಲ್ಲ, ಅದೊಂದು ಬೇಕೇ ಬೇಕು ನನಗೆ."

ಚಿಕ್ಕಂದಿನಿಂದ ಒಂದೇ ಓಣಿಯಲ್ಲಿ ಬೆಳೆದವರು ಅವರಿಬ್ಬರೂ. ಅವಳು ಅವರನ್ನು ನೀನು ಎನ್ನುವುದು ಸಹಜ. ಅವರು ಅವಳನ್ನು ನೀವು ಎನ್ನುವುದು ಊರಿಗೆಲ್ಲ ಅಭ್ಯಾಸವಾಗಿ ಹೋಗಿತ್ತು. ಒಮ್ಮೆ ನೀನು ಎಂದವರನ್ನು ಮತ್ತೆ ನೀವು ಎನ್ನುವುದು ಹಾಲ್ವಿಗ್‌ನಲ್ಲಿ ಜಗಳವಾಡಿದವರು ಮಾತ್ರ. ಆದರೆ ಇವರು ಜಗಳವಾಡಿರಲಿಲ್ಲ. ಬೋಡಿಲಳ ತಮ್ಮ ಆಂಕರ್ ಮುಳುಗಿಹೋದ ವರ್ಷದಿಂದ, ಅಂದರೆ ಮೂವತ್ತಮೂರು ವರ್ಷದಿಂದ, ಹೀಗೆ. ದೋಣಿ ಮಗುಚಿದಾಗ ಆಂಕರ್ ಜೊತೆಗಿದ್ದವರು ಲಾರಿಟ್ಸ್. ಸತ್ತವನ ಅಕ್ಕನ ಮೇಲಿನ ಗೌರವ ಎಂದು ಜನ ಅರ್ಥ ಮಾಡಿಕೊಂಡಿದ್ದರು.

ಮಾರೆನ್ ಓವೆಯನ್ನು ಕೇಳಿದರು: "ಮೇಷ್ಟ್ರೇ, ಜೋಡಿಸಿದವರು ನೀವು. ನಿಮಗೆ ಏನು ಕಾಣಿಸ್ತು?"

"ಏನೂ... ಅಷ್ಟು ಗಮನಿಸಲಿಲ್ಲ," ಎಂದ ಓವೆ.

*

ಮಧ್ಯಾಹ್ನ ತ್ರೋಲ್ಸ್ ವಿಲ್ಲಾಡ್ಸನನ್ನು ಮನೆಗೆ ಕಳಿಸಿದ. ಊರು ಬಿಟ್ಟು ಹೋಗಕೂಡದು ಎಂದು ತಾಕೀತು. ಮಾರೆನ್ ಓವೆಯನ್ನೂ ಕರೆದುಕೊಂಡೇ ಅಲ್ಲಿಗೆ ಹೋದರು. "ಬರಲೇಬೇಕಾ?" ಎಂದು ಕೇಳಿದ್ದಕ್ಕೆ, "ಬರಲೇಬೇಕು," ಎಂದರು, ಅಷ್ಟೆ.

ಜವಾನನ ಅಡುಗೆಮನೆಯಲ್ಲಿ ವಿಲ್ಲಾಡ್ಸ್ ಒಲೆಗೆ ಬೆನ್ನು ಕೊಟ್ಟು ನಿಂತಿದ್ದ. ಆರಡಿ ಆಳು, ಏನನ್ನೋ ಮುಚ್ಚುವವನ ಹಾಗೆ ತೋಳು ಅಗಲಿಸಿಕೊಂಡಿದ್ದ.

"ವಿಲ್ಲಾಡ್ಸ್, ನಿನ್ನ ಮೂರು ಮಕ್ಕಳನ್ನೂ ಹೊರಗೆ ಎಳೆದವಳು ನಾನು," ಎಂದರು ಮಾರೆನ್. "ನನ್ನ ಮುಂದೆ ನಾಚಿಕೆ ಯಾಕೆ? ಸರಿ ಆಚೆ."

ಅವನು ಸರಿದ. ಒಲೆಯ ಮೇಲಿನ ಗೋಡೆಗೆ ಹತ್ತು ಹನ್ನೆರಡು ಬಿಲ್ಲೆಯ ಚೂರುಗಳನ್ನು ಗಾರೆಯಲ್ಲಿ ಕೂರಿಸಿತ್ತು. ಸೀಳು ಬಿಟ್ಟವು, ಮೆರುಗು ಗುಳ್ಳೆ ಎದ್ದವು, ಮೂಲೆ ಮುರಿದವು. ಬೋಡಿಲ್ ಭಟ್ಟಿಯ ಹಿಂದೆ ರಾಶಿ ಹಾಕಿ ಎಸೆದವು. ಗಾರೆ ಇನ್ನೂ ಹಸಿ. ಯಾರೋ ಅವನ್ನು ಒಂದೊಂದಾಗಿ ತೊಳೆದು ಒರೆಸಿದ್ದರು.

"ಮೂಟೇಲಿ ಇದ್ದದ್ದು ಇದು," ಎಂದ ವಿಲ್ಲಾಡ್ಸ್. "ಎಸೆದಿದ್ದನ್ನೇ ಆರಿಸ್ಕೊಂಡು ಬಂದು ಶಾಲೆ ನೆಲಮಾಳಿಗೇಲಿ ಕೂಡಿಟ್ಟಿದ್ದೆ, ನಿನ್ನೆ ಸಂಜೆ ಮನೆಗೆ ತಂದೆ, ಫ್ರು ಕ್ವಿಸ್ಟ್. ಕೇಳಿಯೇ ತಗೊಂಡೆ. ಬೋಡಿಲ್ಲೇ, ಹೊತ್ಕೊಂಡು ಹೋಗು ಅಂದ್ಲು."

"ಇದನ್ನ ತ್ರೋಲ್ಸ್‌ಗೆ ಹೇಳೋಕೆ ಏನು ಕಷ್ಟ?"

"ಹೋಟೆಲಲ್ಲಿ ನಗ್ತಾರೆ." ಅವನು ಓವೆಯ ಕಡೆ ನೋಡಿ ತಕ್ಷಣ ಕಣ್ಣು ತಗ್ಗಿಸಿದ. "ಮೇಷ್ಟ್ರಂಥ ತಿಳಿದೋರೇ ಇದೆಲ್ಲ ತಮಾಷೆ ಅಂದಮೇಲೆ, ನೆಲ ಗುಡಿಸೋನಿಗೆ ಇಷ್ಟ ಆಯ್ತು ಅಂದ್ರೆ... ಚೆನ್ನಾಗಿದೆ ಅನ್ನಿಸ್ತು ನನಗೆ. ಬೆಳಿಗ್ಗೆ ಒಲೆ ಹಚ್ಚೋವಾಗ ನೋಡೋಕೆ."

ಓವೆ ಕ್ಷಮಿಸು ಎನ್ನಲು ಬಾಯಿ ತೆರೆದ. ಬಂದದ್ದು ಮಾತ್ರ, "ಗಾರೆ ಆರೋಕೆ ಎರಡು ದಿನ ಬೇಕು," ಎಂಬ ಹಾಳು ಮಾತು.

ಮನೆಗೆ ಬಂದ ಮೇಲೆ ಮಾರೆನ್ ಚುಟ್ಟಾ ಹಚ್ಚಿದರು. ಉದ್ಘಾಟನೆಯ ಕರಪತ್ರದ ಅಚ್ಚು ತಿದ್ದಿದವರು ನೀವಲ್ಲವೇ, ಅದನ್ನು ಬರೆದವರು ಯಾರು ಎಂದು ಕೇಳಿದರು.

"ಗ್ರೋನ್‌ಬೆಕ್ ಅವರೇ, ಕೈಯಾರೆ ಬರೆದದ್ದು. ನಿನ್ನೆ ಸಂಜೆ ನಾಲ್ಕಕ್ಕೆ ಪ್ರೆಸ್ಸಿಗೆ ಕೊಟ್ರಂತೆ, ಏಳಕ್ಕೆ ನಾನು ಹೋಗಿ ತಿದ್ದಿದೆ. ಒಂದೇ ಒಂದು ತಪ್ಪಿತ್ತು. ನಲವತ್ತೇಳು ಬಿಲ್ಲೆ ಅಂತ ಬರೆದಿದ್ರು, ನಲವತ್ತೆಂಟು ಮಾಡಿದೆ."

"ಅಂಕಿಯಲ್ಲಾ, ಅಕ್ಷರದಲ್ಲಾ?"

"ಅಕ್ಷರದಲ್ಲಿ."

ಮಾರೆನ್ ಚುಟ್ಟಾದ ಬೂದಿ ಕೊಡವಿದರು. ಆಮೇಲೆ, "ನನಗೆ ಹೇಳಬೇಕಾದ್ದು ಇನ್ನೇನಾದ್ರೂ ಇದೆಯಾ, ಮೇಷ್ಟ್ರೇ?" ಎಂದರು.

ಹೇಳಬಹುದಿತ್ತು. ಆ ಅಡುಗೆಮನೆಯಲ್ಲಿ, ಇಬ್ಬರೇ ಇದ್ದಾಗ, ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಓವೆ ಕಪ್ಪಿನ ತಳದ ಕಾಫಿಯನ್ನು ತಿರುಗಿಸುತ್ತ, "ಏನಿಲ್ಲ," ಎಂದ.

"ಹಾಗಾದ್ರೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಸಭಾಂಗಣಕ್ಕೆ ಬರಹೇಳಿ," ಎಂದರು ಅವರು. ಆ ದಿನವೂ ಮರುದಿನವೂ ಅವರು ಅವನೊಡನೆ ಹವಾಮಾನದ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ.

*

ಶನಿವಾರ. ಎರಡು ಗಂಟೆಗೆ ಉದ್ಘಾಟನೆ. ಹೊರಗೆ ಕಂಬದ ಮೇಲೆ ಆಗಲೇ ಬಾವುಟ ಏರಿತ್ತು. ಒಳಗೆ ಗೋಡೆಯ ಮೇಲೆ ನಲವತ್ತೇಳು ಬಿಲ್ಲೆ ಕೂತು, ಈವರ್ ಗಾರೆಯ ಬಕೆಟ್ ಇಟ್ಟುಕೊಂಡು ಖಾಲಿ ಚೌಕದ ಕೆಳಗೆ ಕಾಯುತ್ತಿದ್ದ. ಬೋಡಿಲ್, ಲಾರಿಟ್ಸ್, ತ್ರೋಲ್ಸ್, ಥೋರ್ಕಿಲ್, ಭಾನುವಾರದ ಬಟ್ಟೆ ಹಾಕಿಕೊಂಡಿದ್ದ ವಿಲ್ಲಾಡ್ಸ್ ಮತ್ತು ಮೆಟ್ಟೆ ಮಕ್ಕಳ ಬೆಂಚುಗಳ ಮೇಲೆ ಕೂತಿದ್ದರು. ಓವೆ ಎಲ್ಲರ ಹಿಂದೆ.

ಮಾರೆನ್ ಹಚ್ಚದ ಚುಟ್ಟಾ ಒಂದನ್ನು ಬೆರಳಲ್ಲಿ ಹಿಡಿದು ಎದ್ದು ನಿಂತರು.

"ಮೊದಲು ಕಿಟಕಿ," ಎಂದರು. "ತೆರೆದಿತ್ತು, ನಿಜ. ಆದ್ರೆ ಮೊಳದಗಲದ ಸುಟ್ಟ ಮಣ್ಣನ್ನ ಎತ್ಕೊಂಡು ಇಳಿಯೋನು ಆ ಹೂವಿನ ಪಾತಿ ಮೇಲೇ ಕಾಲಿಡಬೇಕು. ಪಾತೀಲಿ ಒಂದು ಎಲೆಯೂ ಮುರಿದಿರಲಿಲ್ಲ. ಬಂದೋನು ಬಾಗಿಲಿಂದ ಬಂದ, ಕೀಲಿಯಿಂದ ಬಂದ. ಕೀಲಿ ಇರೋದು ಮೂರು ಜನರ ಹತ್ತಿರ. ಮುಖ್ಯೋಪಾಧ್ಯಾಯರು ವಾರದಿಂದ ಓಲ್ಬೋರ್‌ನ ಆಸ್ಪತ್ರೇಲಿ. ಉಳಿದೋರು ವಿಲ್ಲಾಡ್ಸ್ ಮತ್ತು ಗ್ರೋನ್‌ಬೆಕ್."

"ಅದಕ್ಕೇ ನಾನು ವಿಲ್ಲಾಡ್ಸನ್ನ—" ಎಂದ ತ್ರೋಲ್ಸ್.

"ವಿಲ್ಲಾಡ್ಸನ ಮೂಟೇಲಿ ಏನಿತ್ತು ಅನ್ನೋದನ್ನ ಅವನ ಒಲೆ ಮೇಲೆ ನೋಡ್ಕೊಂಡು ಬಾ. ಈ ಊರಲ್ಲಿ ಬೋಡಿಲ್ ಎಸೆದ ಚೂರನ್ನೂ ಮನೆಗೆ ತಗೊಂಡು ಹೋಗಿ ತೊಳೆದು ಇಟ್ಟುಕೊಂಡೋನು ಅವನೊಬ್ಬ. ಅದನ್ನ ಹೇಳ್ಕೊಳ್ಳೋಕೆ ನಾಚಿಕೆ ಆಗೋ ಹಾಗೆ ಮಾಡಿದೋರು ನಾವು."

ಬೋಡಿಲ್ ತಿರುಗಿ ವಿಲ್ಲಾಡ್ಸನನ್ನು ನೋಡಿದಳು. ಅವನು ಕತ್ತಿನವರೆಗೂ ಕೆಂಪಾಗಿ ಟೋಪಿ ಹಿಂಡುತ್ತಿದ್ದ.

"ಎರಡನೇದು. ನಗೋಕೆ ಬಂದೋನು ಒಡೀತಾನೆ. ಮಾರೋಕೆ ಬಂದೋನು ಹತ್ತು ಎತ್ತುತಾನೆ. ಇಲ್ಲಿ ಹೋದದ್ದು ಒಂದೇ. ಅಂದ್ರೆ ಅದರ ಚಿತ್ರಕ್ಕೋಸ್ಕರ ಹೋಯ್ತು. ಏನು ಚಿತ್ರ? ತ್ರೋಲ್ಸ್ ಲೋಳೆಮೀನು ಅಂದ. ಥೋರ್ಕಿಲ್ ಕುಚ್ಚಿನ ಟೋಪಿ ಅಂದ. ಇದು ಬೋಡಿಲಳ ನಕ್ಷೆ." ಅವರು ಕಾಗದ ಬಿಡಿಸಿ ತೋರಿಸಿದರು. ಕಡುನೀಲಿ ನೆಲ, ಕೆಳಗೆ ಕೆಂಪು ಅರ್ಧಚಂದ್ರ, ಅದರಿಂದ ಮೇಲಕ್ಕೆ ಐದು ಬಿಳಿ ಗೆರೆ. "ಬೋಡಿಲ್, ಈಗ ಹೇಳಮ್ಮ. ಇದೇನು?"

"ಬಟ್ಟಲು," ಎಂದಳು ಬೋಡಿಲ್ ಮೆಲ್ಲಗೆ. "ಅಮ್ಮ ಕೆಂಪು ಹಣ್ಣಿನ ಗಂಜಿ ಹಾಕಿಡ್ತಿದ್ದ ಬಟ್ಟಲು. ಐದು ಜನಕ್ಕೆ ಐದು ಚಮಚ. ಆಂಕರ್ ಹೋದಮೇಲೂ ಅಮ್ಮ ಐದೇ ಇಡ್ತಿದ್ಲು. ಯಾರೂ ಬೇಡ ಅನ್ನಲಿಲ್ಲ."

"ಬಟ್ಟಲು ನೋಡಿ ಯಾರಾದ್ರೂ ಟೋಪಿ ಅಂತಾರಾ? ಮೇಲೇಳೋ ಚಮಚಾನ ಕೆಳಗೆ ಇಳಿಬಿದ್ದ ಎಳೆ ಅಂತಾರಾ? ಬುಧವಾರ ಆ ಬಿಲ್ಲೆ ತಲೆಕೆಳಗಾಗಿತ್ತು. ಈವರ್ ಹಾಗೆ ಇಡೋನಲ್ಲ. ಪ್ರತಿಯೊಂದರ ಬೆನ್ನಿಗೂ ಹಸಿ ಮಣ್ಣಲ್ಲೇ ಗೀಚಿದ ಬಾಣ ಇದೆ, ಅವನು ಬಾಣ ನೋಡದೆ ಏನೂ ಮುಟ್ಟಲ್ಲ. ಹಾಗಾದ್ರೆ..."

ಅವರು ಅಲ್ಲಿಗೆ ನಿಲ್ಲಿಸಿದರು. ಯಾರ ಕಡೆಗೂ ನೋಡಲಿಲ್ಲ. ಚುಟ್ಟಾವನ್ನು ಬೆರಳಿನ ನಡುವೆ ಉರುಳಿಸುತ್ತ ಕಾದರು. ಈವರ್ ಬಕೆಟ್ ಕೆಳಗಿಟ್ಟ ಸದ್ದು ಕೇಳಿಸಿತು. ಮಾರೆನ್‌ಗೆ ಗೊತ್ತು, ಗುರುವಾರದಿಂದಲೂ ಗೊತ್ತು ಎಂದು ಓವೆಗೆ ಆಗ ಅರ್ಥವಾಯಿತು. ಎದ್ದು ನಿಂತ.

"ನಾನು ತಿರುಗಿಸಿಟ್ಟೆ," ಎಂದ. "ಬೇಕು ಅಂತಲೇ. ನಗೋಕೆ. ನಿಮಗೂ ಗೊತ್ತಾಗಲ್ಲ ಅಂತ ತೋರಿಸೋಕೆ, ಬೋಡಿಲ್. ಮೂರು ದಿನದಿಂದ ಬಾಯಿ ಮುಚ್ಕೊಂಡಿದ್ದೆ. ವಿಲ್ಲಾಡ್ಸ್ ಮನೆ ಹೋಗುತ್ತೆ ಅಂತ ಗೊತ್ತಿದ್ದೂ ಮುಚ್ಕೊಂಡಿದ್ದೆ."

ಥೋರ್ಕಿಲ್ ಕೂಡ ನಗಲಿಲ್ಲ. ಬೋಡಿಲ್ ಅವನನ್ನು ಒಂದು ಗಳಿಗೆ ನೋಡಿದಳು. ಕೋಪವಿರಲಿಲ್ಲ, ಬರೀ ದಣಿವು. ಅದು ಕೋಪಕ್ಕಿಂತ ಕೆಟ್ಟದಾಗಿತ್ತು.

ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಒಂದು ಸದ್ದು ಬಂತು. ಲಾರಿಟ್ಸ್ ಗ್ರೋನ್‌ಬೆಕ್ ಮುಖ ಬೂದಿಯಾಗಿತ್ತು.

"ತಿರುಗಿಸಿಟ್ಟದ್ದು?" ಎಂದರು. "ತಮಾಷೆಗೆ?"

"ಹೌದು."

"ಅಂದ್ರೆ... ನೀವು ಮಾಡಿದ್ದು ಹಾಗಲ್ವಾ?" ಎಂದು ಬೋಡಿಲಳನ್ನು ಕೇಳಿದರು. "ಬಟ್ಟಲಾ? ಬರೀ ಬಟ್ಟಲಾ?"

ಮಾರೆನ್ ಮೆತ್ತಗೆ ಮುಂದುವರಿಸಿದರು. "ಊರೆಲ್ಲ ಏನೋ ಒಂದು ಹೇಳಿ ನಕ್ಕಿತು. ಈ ಗೋಡೆಯನ್ನ ಆಸೆಪಟ್ಟು ಮಾಡಿಸಿದ ಒಬ್ಬರು ಮಾತ್ರ ಅದೊಂದು ನೆನಪಿಲ್ಲ ಅಂದ್ರು. ಬುಧವಾರ ಸಂಜೆ ನಾಲ್ಕಕ್ಕೆ, ಇನ್ನೂ ಏನೂ ಕಳುವಾಗದೆ ಇದ್ದಾಗ, 'ನಲವತ್ತೇಳು ಬಿಲ್ಲೆಗಳು' ಅಂತ ಅಕ್ಷರದಲ್ಲಿ ಬರೆದ್ರು. ಅಂಕಿಯಾಗಿದ್ರೆ ಕೈತಪ್ಪು ಅನ್ನಬಹುದಿತ್ತು. ಮನಸ್ಸಿನಲ್ಲಿ ಆಗಲೇ ಒಂದನ್ನ ತೆಗೆದಾಗಿತ್ತು. ಇಷ್ಟು ನನಗೆ ಗೊತ್ತು, ಲಾರಿಟ್ಸ್. ನಕ್ಷೆಯನ್ನ ತಿರುಗಿಸಿ ಹಿಡಿದಾಗ ನೀನು ಏನು ನೋಡಿದೆ ಅನ್ನೋದನ್ನ ಊಹೆ ಮಾಡಬಲ್ಲೆ. ಆದ್ರೆ ಅದು ನನ್ನ ಬಾಯಿಂದ ಬರಬಾರದು."

ಅವರು ಕಾಗದವನ್ನು ತಲೆಕೆಳಗು ಮಾಡಿ ಬೆಂಚಿನ ಮೇಲಿಟ್ಟರು. ಕಪ್ಪು ನೀರಿನ ಮೇಲೆ ಕೆಂಪು ಬಣ್ಣ ಬಳಿದ ತಳ ಮೇಲಾಗಿ ಬೋರಲು ಬಿದ್ದ ದೋಣಿ. ಅದರ ಅಡಿಯಿಂದ ನೀರೊಳಗೆ ಚಾಚಿದ ಐದು ಬಿಳಿ ಬೆರಳು.

ಲಾರಿಟ್ಸ್ ಎದ್ದು ಹೊರಗೆ ಹೋದರು. ತ್ರೋಲ್ಸ್ ಹಿಂದೆಯೇ ಹೊರಟಾಗ ಮಾರೆನ್ ಕೈಯಡ್ಡ ಹಿಡಿದರು. ಐದು ನಿಮಿಷಕ್ಕೆ ಲಾರಿಟ್ಸ್ ವಾಪಸು ಬಂದರು, ಹಾಯಿಬಟ್ಟೆಯಲ್ಲಿ ಸುತ್ತಿದ ಚೌಕವೊಂದನ್ನು ಎದೆಗವಚಿಕೊಂಡು. ಮೂರು ದಿನ ಅದು ಅವರ ಕಾರಿನಲ್ಲೇ ಇತ್ತು.

"ಫ್ಯೋರ್ಡಿಗೆ ಹಾಕೋಣ ಅಂತ ಹೋಗಿದ್ದೆ," ಎಂದರು. "ದಂಡೆವರೆಗೂ ಹೋದೆ. ನೀರಿಗೆ ಹಾಕೋಕೆ ಕೈ ಬರಲಿಲ್ಲ. ಎರಡನೇ ಸಲ ಆಗ್ತಿತ್ತು."

ಅವರು ನಿಂತೇ ಹೇಳಿದರು. ದೋಣಿ ಮಗುಚಿದಾಗ ತಾನು ಅದರ ಬೆನ್ನೇರಿ ಕೂತದ್ದು. ಆಂಕರ್ ತಕ್ಷಣ ಮುಳುಗಿದ, ಮತ್ತೆ ಕಾಣಲೇ ಇಲ್ಲ ಎಂದು ಊರಿಗೆಲ್ಲ ಹೇಳಿದ್ದು ಸುಳ್ಳು. ಅವನ ಕೈ ದೋಣಿಯ ಅಡಿಯಿಂದ ಬಂತು, ತನ್ನ ಕಾಲಿನ ಪಕ್ಕಕ್ಕೇ.

"ಹಿಡಿದ್ರೆ ದೋಣಿ ಮತ್ತೆ ಉರುಳುತ್ತೆ ಅನ್ನಿಸ್ತು. ಕಾಲು ಮೇಲಕ್ಕೆ ಎಳ್ಕೊಂಡೆ. ಕೈ ಅಲ್ಲೇ ಇತ್ತು, ಬಹಳ ಹೊತ್ತು ಇತ್ತು. ಆಮೇಲೆ ಇರಲಿಲ್ಲ." ಅವರು ಬಿಲ್ಲೆಯನ್ನು ಇನ್ನೂ ಎದೆಗೆ ಒತ್ತಿಕೊಂಡಿದ್ದರು. "ಬುಧವಾರ ಅದನ್ನ ನೋಡಿದಾಗ, ನಿಮಗೆ ಮೊದಲಿಂದ ಗೊತ್ತಿತ್ತು, ಈಗ ಊರ ಮುಂದೆ ಹೇಳ್ತಿದೀರಿ ಅಂದ್ಕೊಂಡೆ. ಅದೂ ನಾನೇ ಮಾಡಿಸಿದ ಗೋಡೆ ಮೇಲೆ."

ಮೆಟ್ಟೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ತ್ರೋಲ್ಸ್ ನೋಟುಪುಸ್ತಕ ತೆಗೆದವನು ಏನು ಬರೆಯಬೇಕೋ ತೋಚದೆ ಮತ್ತೆ ಜೇಬಿಗಿಟ್ಟ.

ಬೋಡಿಲ್ ಹಾಯಿಬಟ್ಟೆ ಬಿಚ್ಚಿ, ಬಿಲ್ಲೆಯನ್ನು ಎತ್ತಿ ಅವರ ಕೈಗೇ ಕೊಟ್ಟಳು.

"ಲಾರಿಟ್ಸ್, ಈವರ್ ಕಾಯ್ತಿದಾನೆ. ನೀನು ಹೇಳು. ಮೇಲೆ ಯಾವ ಕಡೆ?"

ಲಾರಿಟ್ಸ್ ಬಿಲ್ಲೆಯ ಬೆನ್ನು ತಡವಿ ಬಾಣ ಹುಡುಕಿದರು. ಅದನ್ನು ಬಟ್ಟಲು ಕೆಳಗೆ, ಚಮಚ ಮೇಲೆ ಬರುವ ಹಾಗೆ ತಿರುಗಿಸಿದರು.

"ಹೀಗೆ," ಎಂದರು. "ನೀನು ಮಾಡಿದ ಹಾಗೆ, ಬೋಡಿಲ್."

ಮೂವತ್ತಮೂರು ವರ್ಷದ ಮೇಲೆ ಬಂದ ಆ ನೀನು ಎಲ್ಲರಿಗೂ ಕೇಳಿಸಿತು. ಬೋಡಿಲ್ ಬಿಲ್ಲೆಯನ್ನು ಅವರ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಕೆಂಪು ಮೇಲಾಗಿ ಈವರ್‌ಗೆ ಕೊಟ್ಟಳು.

"ಇಲ್ಲ. ನೀನು ನೋಡಿದ ಹಾಗೇ ಇರಲಿ," ಎಂದಳು. "ಅವನ ಕೈಯನ್ನ ಒಬ್ಬರಾದರೂ ನೋಡಿದ್ರಲ್ಲ. ನನಗೆ ಅದು ಗೊತ್ತಿರಲಿಲ್ಲ."

ಎರಡು ಗಂಟೆಗೆ ಊರು ಬಂತು. ಅಧ್ಯಕ್ಷರಿಗೆ ಮೈ ಸರಿಯಿಲ್ಲ ಎಂದು ಹೇಳಲಾಯಿತು. ಸೋಮವಾರ ಅವರು ರಾಜೀನಾಮೆ ಕೊಟ್ಟರು. ಮಕ್ಕಳು ಮೂವತ್ತೊಂದನೆಯದನ್ನು ಲೋಳೆಮೀನು ಎಂದು ಕರೆದರು, ಇಂದಿಗೂ ಹಾಗೇ ಕರೆಯುತ್ತಾರೆ.

ಮನೆಗೆ ನಡೆಯುವಾಗ ಓವೆ ಕೇಳಿದ: "ಗೊತ್ತಿದ್ದೂ ಅಷ್ಟು ಜನರ ಮುಂದೆ ನನ್ನ ಬಾಯಿಂದಲೇ ಯಾಕೆ ಹೇಳಿಸಿದ್ರಿ?"

"ಗುರುವಾರ ಅಡುಗೆಮನೇಲಿ ಕೇಳಿದ್ದೆನಲ್ಲ, ಮೇಷ್ಟ್ರೇ," ಎಂದರು ಮಾರೆನ್. "ನಾನು ಪಕ್ಕದಲ್ಲಿ ಕೂರಬಲ್ಲೆ. ಹೆರಬೇಕಾದೋರೇ ಹೆರಬೇಕು." ಆಮೇಲೆ ಚುಟ್ಟಾ ಹಚ್ಚಿಕೊಂಡು, "ಜವಾನನ ಮನೆ ಈ ಕಡೆ," ಎಂದು ಓಣಿ ತೋರಿಸಿ ತಾವು ಮುಂದೆ ನಡೆದರು.

ವಿಲ್ಲಾಡ್ಸ್ ಭಾನುವಾರದ ಕೋಟು ಬಿಚ್ಚಿ ಒಲೆ ಹಚ್ಚುತ್ತಿದ್ದ. ಓವೆ ಬಾಗಿಲಲ್ಲೇ ನಿಂತು ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದ ಮಾತುಗಳನ್ನು ಹೇಳಿದ, ಅರ್ಧಕ್ಕೇ ತೊದಲಿದ. ವಿಲ್ಲಾಡ್ಸ್‌ಗೆ ಅವನಿಗಿಂತ ಹೆಚ್ಚು ಮುಜುಗರ. ಆಗಲಿ ಬಿಡಿ, ಕಾಫಿ ಕುಡೀರಿ ಎಂದು ಕುರ್ಚಿ ಎಳೆದ. ಮೆಟ್ಟೆ ಕಪ್ಪು ತಂದಿಟ್ಟಳು, ಸ್ವಲ್ಪ ಜೋರಾಗಿಯೇ ಇಟ್ಟಳು.

ಆಮೇಲೆ ವಿಲ್ಲಾಡ್ಸ್ ಗೋಡೆಯ ಚೂರುಗಳ ಕಡೆ ನೋಡಿ, ಯಾವ ಕುಹಕವೂ ಇಲ್ಲದೆ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ: "ಮೇಷ್ಟ್ರೇ, ನೀವು ಕಲಿತೋರು. ಹಿಂದೆ ಬಾಣ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ, ನೋಡದೆ ಹಚ್ಚಿಬಿಟ್ಟೆ. ಇವು ಸರಿಯಾಗಿವೆಯಾ, ತಲೆಕೆಳಗಾಗಿವೆಯಾ?"

ಓವೆ ಕಪ್ಪು ಕೆಳಗಿಟ್ಟು, ಎದ್ದು ಹೋಗಿ, ಅವುಗಳನ್ನು ಮೊದಲ ಸಲ ನೋಡಿದ. ಒಂದೊಂದನ್ನೂ, ನಿಧಾನವಾಗಿ. ತನ್ನ ಮುಖ ಗೋಡೆಯ ಕಡೆಗಿದ್ದದ್ದು ಒಳ್ಳೆಯದಾಯಿತು.

"ನನಗೆ ಗೊತ್ತಿಲ್ಲ, ವಿಲ್ಲಾಡ್ಸ್," ಎಂದ. "ಬೋಡಿಲ್ ಅವರನ್ನ ಕೇಳೋಣ."